ಖಾಲಿ ಪೆಟ್ಟಿಗೆಗೆ ನುಡಿಸಿದ್ದು

ಆಗಸ್ಟ್ ತಿಂಗಳ ಮೊದಲ ಶುಕ್ರವಾರ, ಬಿಸಿಲು ಇನ್ನೂ ನೆತ್ತಿಯಿಂದ ಇಳಿಯದ ಹೊತ್ತಿನಲ್ಲಿ, ನಾನೂ ನನ್ನ ಅಣ್ಣ ಆಲ್ಸೀಡನೂ ಹ್ಯೂಸ್ಟನ್ ಬಸ್ಸಿನಿಂದ ನ್ಯೂ ಆರ್ಲಿಯನ್ಸಿನಲ್ಲಿ ಇಳಿದೆವು. ಬೇಸಿಗೆಯ ಜಾಝ್ ಹಬ್ಬಕ್ಕೆ ಬಂದ ಪರಸ್ಥಳದವರು ಸಾಲಾಗಿ ನಿಂತಿದ್ದರು. ನಾವೂ ಅದೇ ಸಾಲಿಗೆ ಸೇರಿಕೊಂಡೆವು. ಕೊರಳಿಗೆ ಹಬ್ಬದ ಬಿಲ್ಲೆ ಕಟ್ಟಿಕೊಂಡಿದ್ದ ಹುಡುಗಿ ನಮ್ಮ ಕೈಗೂ ಒಂದು ಊರಿನ ನಕ್ಷೆ ಕೊಟ್ಟಳು. ಅಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ, ನಾವು ಹುಟ್ಟಿದ ಬೀದಿ ಇದರಲ್ಲಿ ಇಲ್ಲವಲ್ಲಮ್ಮ ಅಂದ. ಅವಳು ಪಾಪ, ಗಂಭೀರವಾಗಿ ಹುಡುಕಿ, ಮಡಿಕೆಯೊಳಗೆ ಸಿಕ್ಕಿಕೊಂಡಿದ್ದ ಬೀದಿಯನ್ನು ಬೆರಳಿಟ್ಟು ತೋರಿಸಿದಳು. ಅಲ್ಲಿಗೆ ಹೇಗೆ ಹೋಗಬೇಕು ಅಂತಲೂ ಹೇಳಿಕೊಟ್ಟಳು.

ದೊಡ್ಡ ನೀರು ಬಂದ ವರ್ಷ ನಮ್ಮನ್ನು ಬಸ್ಸಿಗೆ ತುಂಬಿ ಹ್ಯೂಸ್ಟನ್ನಿಗೆ ಕಳಿಸಿದ್ದರು. ಹೋದವರು ಅಲ್ಲೇ ಉಳಿದೆವು. ನನ್ನ ಮಗಳು ವೆರ್ನಾ ಅಲ್ಲೇ ಕೆಲಸ ಹಿಡಿದಳು, ನಾವಿಬ್ಬರೂ ಅವಳ ಮನೆಯಲ್ಲಿದ್ದೆವು. ಅಣ್ಣ ನ್ಯೂ ಆರ್ಲಿಯನ್ಸಿನಲ್ಲಿದ್ದಷ್ಟು ಕಾಲವೂ ಬೀದಿ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸಿದವನು. ಆ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ಅವನು ಎಷ್ಟು ಜನರನ್ನು ಗೋರಿಗೆ ಕಳಿಸಿಕೊಟ್ಟನೋ. ಹ್ಯೂಸ್ಟನ್ನಿಗೆ ಹೋದ ಮೇಲೆ ಅವನ ಮೂತ್ರಪಿಂಡ ಕೈಕೊಟ್ಟಿತು. ಮಂಗಳವಾರ, ಗುರುವಾರ, ಶನಿವಾರ ರಕ್ತ ತೊಳೆಯುವ ಯಂತ್ರಕ್ಕೆ ಕೈಯೊಡ್ಡಿ ಮಲಗಬೇಕು. ಹಬ್ಬಕ್ಕೆ ಹೋಗಲೇಬೇಕು ಅಂತ ಅವನು ಹಟ ಹಿಡಿದಾಗ ವೆರ್ನಾ ಶನಿವಾರದ್ದನ್ನು ಸೋಮವಾರಕ್ಕೆ ಹಾಕಿಸಿಕೊಟ್ಟಳು. ಅಲ್ಲಿನ ನರ್ಸಮ್ಮನಿಗೆ ಇದು ಸರಿಬರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ಭಾನುವಾರದ ಬಸ್ಸು ತಪ್ಪಿಸಬೇಡಿ, ಬಾಯಾರಿದರೆ ಐಸಿನ ಚೂರು ಚೀಪಲಿ, ಕಲ್ಲಂಗಡಿ ಬಾಳೆಹಣ್ಣು ಟೊಮ್ಯಾಟೊ ಮುಟ್ಟಲು ಬಿಡಬೇಡಿ ಅಂತ ಹೇಳಿದಳು. ಆಯಿತಮ್ಮ ಅಂದೆ. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ, ಭಾನುವಾರದ ಬಸ್ಸು.

ಅಣ್ಣನ ತಲೆಯಲ್ಲಿ ಇದ್ದದ್ದು ಬೇರೆ. ಹ್ಯೂಸ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯ ಮುದುಕ ಸತ್ತಾಗ ಒಂದು ಕರಿ ಕಾರು ಬಂತು, ಕಾರಿನ ಹಿಂದೆ ಕಾರು ಹೊರಟವು, ಕಿಟಕಿ ಗಾಜು ಏರಿಸಿಕೊಂಡು ಎಲ್ಲರೂ ಹೋಗಿ ಬಂದರು. ಒಂದು ಶಿಳ್ಳೆಯ ಸದ್ದೂ ಇಲ್ಲ. ಅವತ್ತು ಅಣ್ಣ ಊಟ ಮಾಡಲಿಲ್ಲ. ನನ್ನನ್ನೂ ಹೀಗೇ ಕಳಿಸ್ತೀರಿ ಅಲ್ವಾ ಅಂತ ಕೇಳಿದ. ಹೆಣವನ್ನು ಅಷ್ಟು ದೂರ ಊರಿಗೆ ಸಾಗಿಸುವುದು ನಮ್ಮಂಥವರ ಕೈಲಾಗುವ ಮಾತಲ್ಲ. ಅದು ಅವನಿಗೂ ಗೊತ್ತಿತ್ತು.

ನಾವು ಇಳಿದುಕೊಂಡದ್ದು ನಮ್ಮದೇ ಹಳೆಯ ಮನೆಯಲ್ಲಿ. ನಮ್ಮದು ಅಂದರೆ ಬಾಡಿಗೆಗಿದ್ದದ್ದು. ನಮ್ಮಮ್ಮ ಸತ್ತದ್ದು ಅದರ ಮುಂದಿನ ಕೋಣೆಯಲ್ಲಿ. ಈಗ ಅದಕ್ಕೆ ನೇರಳೆ ಬಣ್ಣ ಬಳಿದು, ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಿದ್ದರು. ಬಾಗಿಲಿಗೆ ಬೀಗದ ಬದಲು ಅಂಕಿ ಒತ್ತುವ ಡಬ್ಬಿ. ವೆರ್ನಾ ಆ ಮನೆಯನ್ನು ಫೋನಿನಲ್ಲೇ ಗೊತ್ತುಮಾಡಿಕೊಟ್ಟಿದ್ದಳು, ನಾವು ಖುಷಿಪಡಲಿ ಅಂತ. ಒಳಗೆ ಹೋದರೆ ಗೋಡೆಯ ಮೇಲೆ ಒಂದು ತುತ್ತೂರಿಯ ಚಿತ್ರ, ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ. ಅಮ್ಮ ಮಲಗುತ್ತಿದ್ದ ಕಡೆಗೇ ಅಣ್ಣ ಮಂಚ ಎಳೆದುಕೊಂಡ.

ಎದುರು ಮನೆಯ ಮಿಸ್ ಕ್ಲೋಟಿಲ್ಡ್ ಇನ್ನೂ ಇದ್ದಳು. ನೀರು ಬಂದಾಗಲೂ ಅಟ್ಟ ಹತ್ತಿ ಕೂತು ಊರು ಬಿಡದವಳು ಅವಳು. ನಮ್ಮಿಬ್ಬರಿಗಿಂತ ಹಿರಿಯಳು. ಸಂಜೆ ಬೆಂಡೆಕಾಯಿ ಸೀಗಡಿ ಹಾಕಿದ ಗಂಬೊ ಸಾರಿನ ಪಾತ್ರೆ ಹಿಡಿದುಕೊಂಡು ಬೀದಿ ದಾಟಿ ಬಂದಳು.

"ಏನೋ ಆಲ್ಸೀಡ್, ನಿನ್ನ ಮನೇಲಿ ನೀನೇ ಮಲಗೋಕೆ ಬಾಡಿಗೆ ಕೊಟ್ಟು ಬಂದ್ಯಂತೆ? ಹ್ಯೂಸ್ಟನ್ ನೀರು ತಲೆಗೇರಿದೆ ನಿಂಗೆ," ಅಂದಳು.

"ನಿನ್ನ ಮುಖ ನೋಡೋಕೆ ಅಂತಾನೇ ಕೊಟ್ಟೆ ಕಣೇ. ನೋಡಿದ್ಮೇಲೆ ದುಡ್ಡು ವಾಪಸ್ ಕೇಳೋಣ ಅನ್ನಿಸ್ತಿದೆ," ಅಂದ ಅಣ್ಣ.

ಅವಳು ನಕ್ಕು ಅವನ ಬೆನ್ನಿಗೆ ಗುದ್ದಿದಳು. ಮೂವರೂ ಮುಂದಿನ ಮೆಟ್ಟಿಲ ಮೇಲೆ ಕೂತೆವು. ಅಷ್ಟರಲ್ಲಿ ಡೆಲ್ಮಾರ್ ಬಂದ. ಅಣ್ಣ ಬಿಟ್ಟು ಹೋದ ಬ್ಯಾಂಡಿಗೆ ಈಗ ಅವನೇ ಯಜಮಾನ, ಟ್ಯೂಬಾ ಊದುತ್ತಾನೆ. ಅವನ ಜ್ಞಾನಸ್ನಾನದ ದಿನ ಅವನನ್ನು ಕೈಯಲ್ಲಿ ಎತ್ತಿಕೊಂಡು ನಿಂತವನು ನಮ್ಮಣ್ಣ. ಹಾಗಾಗಿ ಅವನಿಗೆ ಅಣ್ಣ ಯಾವತ್ತೂ ಪರಾಂ, ಅಂದರೆ ಜ್ಞಾನಸ್ನಾನದ ತಂದೆ, ಹೆಸರು ಹಿಡಿದು ಕರೆದದ್ದಿಲ್ಲ. ಬಂದವನೇ ಪರಾಂನ ಕೈಗೆ ಮುತ್ತಿಟ್ಟು ಕೆಳಗಿನ ಮೆಟ್ಟಿಲಿನಲ್ಲಿ ಕೂತ. ನಾಳೆ ಏನೇನು ವ್ಯವಸ್ಥೆ ಅಂತ ಅಣ್ಣನೇ ಕೇಳಿದ.

ಆಗ ನನಗೆ ವಿಷಯ ಗೊತ್ತಾಯಿತು. ಈ ಸಲ ಹಬ್ಬದವರು ಬಂದವರಿಗೆ ನಮ್ಮ ಕಡೆಯ ಸಾವಿನ ಮೆರವಣಿಗೆ ತೋರಿಸಬೇಕು ಅಂತ ಡೆಲ್ಮಾರ್‌ನ ಬ್ಯಾಂಡಿಗೆ ಹೇಳಿದ್ದರು. ಚರ್ಚಿನಿಂದ ಶುರುವಾಗಿ ಹಬ್ಬದ ಬಾಗಿಲವರೆಗೆ. ಮೊದಲು ನಿಧಾನದ ಶೋಕದ ನುಡಿ, ಆಮೇಲೆ ಕುಣಿತದ್ದು. ಶವದ ಗಾಡಿ ಬೇಕು, ಪೆಟ್ಟಿಗೆಯೂ ಬೇಕು ಅಂದಿದ್ದರು. ಡೆಲ್ಮಾರ್ ಒಪ್ಪಲೋ ಬಿಡಲೋ ಅಂತ ಅಣ್ಣನಿಗೆ ಫೋನು ಮಾಡಿದ್ದ. ಒಪ್ಪಿಕೋ, ಮುಂದಾಳಾಗಿ ನಾನೇ ನಡೀತೀನಿ ಅಂತ ಅಣ್ಣ ಹೇಳಿಬಿಟ್ಟಿದ್ದ. ನನಗೆ ಹೇಳಿರಲಿಲ್ಲ.

ಕ್ಲೋಟಿಲ್ಡ್ ಕೈಯಲ್ಲಿದ್ದ ಬೀಸಣಿಗೆ ನಿಲ್ಲಿಸಿದಳು.

"ಪೆಟ್ಟಿಗೆ ಒಳಗೆ ಯಾರಿರ್ತಾರೆ?"

"ಯಾರೂ ಇಲ್ಲ ಮಿಸ್ ಕ್ಲೋಟಿಲ್ಡ್. ಬರೀ ತೋರಿಸೋಕೆ," ಅಂದ ಡೆಲ್ಮಾರ್. ತಲೆ ಎತ್ತಲಿಲ್ಲ.

ಅವಳು ಗಂಬೊ ಪಾತ್ರೆ ನಮ್ಮ ಹತ್ತಿರವೇ ಬಿಟ್ಟು ಎದ್ದು ಮನೆಗೆ ಹೋದಳು.

ಅವಳು ಯಾಕೆ ಹಾಗೆ ಎದ್ದು ಹೋದಳು ಅನ್ನುವುದು ಆ ಬೀದಿಯವರಿಗೆಲ್ಲ ಗೊತ್ತಿರುವ ಸಂಗತಿ. ನಾನು ಚಿಕ್ಕವಳಿದ್ದಾಗ ಒನೇಸಿಮ್ ಅಂತ ಒಬ್ಬನಿದ್ದ, ನದಿಯ ದೋಣಿಗಳಲ್ಲಿ ಕೂಲಿ. ಒಂದು ದಿನ ಅವನ ಕೋಟು ಮಾತ್ರ ದಡದಲ್ಲಿ ಸಿಕ್ಕಿತು. ಮುಳುಗಿದ ಅಂದುಕೊಂಡು, ಕೋಟನ್ನೇ ಪೆಟ್ಟಿಗೆಯಲ್ಲಿಟ್ಟು ಬ್ಯಾಂಡಿನವರು ನುಡಿಸಿ ಕಳಿಸಿಕೊಟ್ಟರು. ಚಳಿಗಾಲದಲ್ಲಿ ಒನೇಸಿಮ್ ಮೇಲಿನ ಊರೊಂದರಿಂದ ನಡೆದುಕೊಂಡು ಬಂದ. ಎಲ್ಲರೂ ನಕ್ಕರು, ಅವನೂ ನಕ್ಕ. ಎಷ್ಟೋ ವರ್ಷದ ಮೇಲೆ ಅವನು ನಿಜವಾಗಿ ಸತ್ತಾಗ ಮತ್ತೆ ನುಡಿಸಿದರು. ಗೋರಿಯ ದಾರಿಯ ತಿರುವಿನಲ್ಲಿ, ಹೊಸದಾಗಿ ಮದುವೆಯಾಗಿದ್ದ ಕ್ಲಾರಿಯೊನೆಟ್ಟಿನ ಹುಡುಗ ಸುಸ್ತಾದವನ ಹಾಗೆ ರಸ್ತೆಯ ಮೇಲೆ ಕೂತ. ಏಳಲಿಲ್ಲ. ಅವತ್ತು ಸಂಜೆ ಬ್ಯಾಂಡಿನ ಸಂಘದ ಹಿರಿಯರು ಕೂತು ಕಟ್ಟು ಮಾಡಿದರು: ಒಬ್ಬನಿಗೆ ಒಂದೇ ಸಲ, ಖಾಲಿ ಪೆಟ್ಟಿಗೆಗೆ ಇಲ್ಲವೇ ಇಲ್ಲ. ಒಂದು ಸಲ ನುಡಿಸಿ ಬಿಟ್ಟುಕೊಟ್ಟವನನ್ನು ಮತ್ತೆ ದಾರಿಗೆ ಕರೆದರೆ ಅವನು ಒಬ್ಬನೇ ಹೋಗುವುದಿಲ್ಲ ಅನ್ನುವುದು ಅವರ ನಂಬಿಕೆ. ನಾವೂ ಅದನ್ನೇ ನಂಬಿ ಬೆಳೆದವರು.

ಶನಿವಾರ ಬೆಳಿಗ್ಗೆ ಚರ್ಚಿನ ಮುಂದೆ ಜನವೋ ಜನ. ಟೋಪಿ, ಬಿಸಿಲು ಕನ್ನಡಕ, ಕೈಯಲ್ಲಿ ಫೋನು. ಹಬ್ಬದ ಕಡೆಯ ಹೆಂಗಸೊಬ್ಬಳು, ಕೆರಿ ಅಂತ ಅವಳ ಹೆಸರು, ಒಳ್ಳೆಯವಳೇ, ಎಲ್ಲರಿಗೂ ನೀರು ಕೊಡುತ್ತಾ ಓಡಾಡುತ್ತಿದ್ದಳು. ಅಣ್ಣ ಕರಿ ಸೂಟು ಹಾಕಿ, ಬಿಳಿ ಕೈಗವಸು ತೊಟ್ಟು, ಎದೆಗೆ ಅಡ್ಡಪಟ್ಟಿ ಇಳಿಬಿಟ್ಟಿದ್ದ. ಆ ಪಟ್ಟಿಯ ಒಂದು ಮಗ್ಗುಲು ಕಪ್ಪು ಮಖಮಲ್ಲು, ಇನ್ನೊಂದು ಮಗ್ಗುಲು ಬಂಗಾರದ ಬಣ್ಣ. ಹೆಣ ಜೊತೆಗಿರುವಷ್ಟು ಹೊತ್ತು ಕಪ್ಪು ಹೊರಗಿರಬೇಕು. ಅವನನ್ನು ಹಾಗೆ ನೋಡಿ ಬಹಳ ವರ್ಷವಾಗಿತ್ತು. ಬೆನ್ನು ನೆಟ್ಟಗಾಗಿತ್ತು. ನನಗೂ ಒಂದು ಗಳಿಗೆ ಸಂತೋಷವಾಯಿತು, ಸುಳ್ಳು ಹೇಳಬಾರದು.

ಆಮೇಲೆ ಅವನು ಗಾಡಿಯ ಹಿಂದಕ್ಕೆ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತುವುದು ಕಾಣಿಸಿತು. ನಾನು ಹತ್ತಿರ ಹೋಗುವ ಹೊತ್ತಿಗೆ ತನ್ನ ಹಳೆಯ ಬ್ಯಾಂಡಿನ ಟೋಪಿಯನ್ನು ತಲೆ ಇಡುವ ಜಾಗದಲ್ಲಿ ಇಟ್ಟಿದ್ದ. ಅದರ ಕೆಳಗೆ ತನ್ನದೊಂದು ಅಂಗಿ, ಮಡಿಸಿ ಇಟ್ಟದ್ದು. ಎರಡನ್ನೂ ಹ್ಯೂಸ್ಟನ್ನಿನಿಂದ ಹೊತ್ತು ತಂದಿದ್ದ.

"ತೆಗಿ ಅದನ್ನ," ಅಂದೆ.

"ಖಾಲಿ ಪೆಟ್ಟಿಗೆಗೆ ನುಡಿಸಬಾರದು ಅಂತ ತಾನೇ ಕಟ್ಟು? ಈಗ ಖಾಲಿ ಇಲ್ಲ. ನಾನಿದ್ದೀನಿ."

"ಆಲ್ಸೀಡ್, ನೀನು ಬದುಕಿದ್ದೀಯ ಕಣೋ."

ಅವನು ಮುಚ್ಚಳದ ಮೇಲೆ ಕೈಯಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ ಹೇಳಿದ:

"ನೋಡು ಲಾಲಿ. ನಾಳೆ ನಿನ್ನ ಜೊತೆ ಬಸ್ ಹತ್ತುತೀನಿ, ಹಟ ಮಾಡಲ್ಲ. ಆ ಯಂತ್ರದ ಮುಂದೆ ಮಲಗ್ತೀನಿ. ಈ ವರ್ಷವೋ ಇನ್ನೆರಡು ವರ್ಷಕ್ಕೋ ಅಲ್ಲೇ ಸಾಯ್ತೀನಿ, ಗಾಜು ಏರಿಸಿದ ಕಾರಲ್ಲಿ ಒಯ್ತೀರಿ. ಒಯ್ಯಿರಿ. ಆದ್ರೆ ನನ್ನ ಪಾಲಿಂದು ಇವತ್ತು ಇಲ್ಲಿ ಆಗಿಬಿಡಲಿ. ಈ ಬೀದೀಲಿ ಎಲ್ಲರಿಗೂ ನಾನು ಬಾರಿಸಿದೆ. ನನಗೆ ಯಾರು ಬಾರಿಸ್ತಾರೆ?"

ಅವನ ಲೆಕ್ಕದಲ್ಲಿ ತಪ್ಪೇನೂ ಕಾಣಿಸಲಿಲ್ಲ. ಆದರೂ ಒನೇಸಿಮ್‌ನ ಕೋಟು ಕಣ್ಣ ಮುಂದೆ ಬಂತು.

ನಾನು ಸೀದಾ ಡೆಲ್ಮಾರ್ ಹತ್ತಿರ ಹೋಗಿ ಕಂಡದ್ದನ್ನು ಹೇಳಿದೆ. ಅವನು ಟ್ಯೂಬಾ ಹೆಗಲಿಗೆ ಏರಿಸಿಕೊಂಡಾಗಿತ್ತು. ಕೇಳಿ ಬೆವರು ಒರೆಸಿಕೊಂಡ. ಜನ ಸೇರಿದ್ದಾರೆ, ಈಗ ನಿಲ್ಲಿಸಲಾಗುವುದಿಲ್ಲ ಮಿಸ್ ಲಾಲಿ, ಆದರೆ ಬಿಟ್ಟುಕೊಡುವುದನ್ನು ಮಾಡುವುದಿಲ್ಲ, ನಾವು ಸಾಲು ಕಟ್ಟುವುದಿಲ್ಲ, ಹಬ್ಬದ ಬಾಗಿಲವರೆಗೆ ಸುಮ್ಮನೆ ನುಡಿಸಿಕೊಂಡು ಹೋಗಿ ಮುಗಿಸುತ್ತೇವೆ ಅಂತ ಮಾತು ಕೊಟ್ಟ. ಬಿಟ್ಟುಕೊಡದೆ ಯಾರೂ ಹೋದ ಹಾಗಲ್ಲ. ಮೆರವಣಿಗೆಯನ್ನು ನಿಲ್ಲಿಸಿ, ಬ್ಯಾಂಡು ಎರಡು ಸಾಲಾಗಿ ಎದುರುಬದುರು ನಿಂತು, ಆ ಸಾಲುಗಳ ನಡುವೆ ಹೆಣದ ಗಾಡಿ ಒಂದೇ ಮುಂದೆ ಹೋಗಬೇಕು. ಅದು ಅದರ ದಾರಿ, ಇದು ನಮ್ಮ ದಾರಿ. ಆಮೇಲೆಯೇ ಸಣ್ಣ ಡ್ರಮ್ಮಿನ ತಂತಿಗೆ ಸಿಕ್ಕಿಸಿದ ಕರವಸ್ತ್ರ ತೆಗೆದು, ಕುಣಿತದ ನುಡಿ ಎತ್ತುವುದು. ಅಷ್ಟು ಆಗದಿದ್ದರೆ ಬರೀ ಆಟ ಅಂತ ನಾನೂ ಸಮಾಧಾನ ಮಾಡಿಕೊಂಡೆ.

ಚರ್ಚಿನ ಗಂಟೆಯಾದ ಮೇಲೆ ಹೊರಟರು. ಅಣ್ಣ ಮುಂದೆ, ಹ್ಯಾಟನ್ನು ಎದೆಗೆ ಒತ್ತಿಕೊಂಡು. ಒಂದು ಹೆಜ್ಜೆ ಇಟ್ಟು, ತಡೆದು, ಇನ್ನೊಂದು ಹೆಜ್ಜೆ. ಡ್ರಮ್ಮಿನ ಸದ್ದು ಬಾಯಿಗೆ ಬಟ್ಟೆ ತುರುಕಿದ ಹಾಗೆ ಕೇಳುತ್ತಿತ್ತು. ಬಂದವರು ಮೊದಮೊದಲು ಪಿಸುಗುಟ್ಟುತ್ತಿದ್ದರು, ಆಮೇಲೆ ಅವರೂ ಸುಮ್ಮನಾದರು. ನಮ್ಮ ಬೀದಿಗೆ ತಿರುಗಿದಾಗ ಮೆಟ್ಟಿಲುಗಳ ಮೇಲೆ ಕೂತಿದ್ದ ಊರಿನವರು ಎದ್ದು ನಿಂತರು. ಟೋಪಿ ತೆಗೆದರು. ನೀರು ಬಂದ ಮೇಲೆ ಅಣ್ಣನನ್ನು ಕಾಣದೆ ಇದ್ದವರು ಎಷ್ಟೋ ಮಂದಿ. ಮುಂದೆ ನಡೆಯುತ್ತಿರುವವನು ಆಲ್ಸೀಡ್ ಅಂತ ಗುರುತು ಹಿಡಿದು ಕೆಲವರು ಕೈ ಎತ್ತಿದರು. ಪೆಟ್ಟಿಗೆಯಲ್ಲಿ ಯಾರು ಅಂತ ಒಬ್ಬ ಮುದುಕ ಕೂಗಿ ಕೇಳಿದ.

ನೇರಳೆ ಬಣ್ಣದ ನಮ್ಮ ಮನೆಯ ಮುಂದೆ ಅಣ್ಣ ನಿಂತ. ಬ್ಯಾಂಡಿನ ಕಡೆ ತಿರುಗಿದ. ಹ್ಯಾಟನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ.

ಆ ಹ್ಯಾಟು ಮೇಲೆ ಹೋದರೆ ಬ್ಯಾಂಡು ಎರಡಾಗಬೇಕು. ಅಲ್ಲಿ ನುಡಿಸುತ್ತಿದ್ದವರಲ್ಲಿ ಅರ್ಧ ಜನ ಅಣ್ಣನ ಕೈಕೆಳಗೆ ಕಲಿತವರು. ಮಿಕ್ಕವರು ಅವರ ಕೈಕೆಳಗೆ ಕಲಿತವರು. ಅವರ ಕಾಲು ಡೆಲ್ಮಾರ್‌ನ ಮಾತಿಗೆ ಕಾಯಲಿಲ್ಲ. ಟ್ರಾಂಬೋನಿನವರು ಎಡಕ್ಕೆ ಸರಿದರು, ತುತ್ತೂರಿಯವರು ಬಲಕ್ಕೆ. ಡೆಲ್ಮಾರ್ ಬೇಡ ಬೇಡ ಅಂತ ತಲೆ ಆಡಿಸುತ್ತಲೇ ತಾನೂ ಬಲಕ್ಕೆ ಸರಿದ. ಟ್ಯೂಬಾ ಅವನ ತುಟಿಯಲ್ಲೇ ಇತ್ತು. ಎರಡು ಸಾಲು ಆಗಿಹೋಯಿತು. ಗಾಡಿಯವನು ನಡುವೆ ನಿಧಾನವಾಗಿ ಓಡಿಸಿಕೊಂಡು ಹೊರಟ.

ಮುಂದಾಳು ಆಗ ಪಕ್ಕದಲ್ಲಿ ನಿಲ್ಲಬೇಕು. ಬದುಕಿರುವವರು ಯಾರೂ ಆ ಸಾಲಿನ ನಡುವೆ ಗಾಡಿಯ ಹಿಂದೆ ಹೋಗುವುದಿಲ್ಲ. ಅಣ್ಣ ಹೋದ. ಪೆಟ್ಟಿಗೆಯ ಬೆನ್ನಿಗೆ ಕಣ್ಣಿಟ್ಟು, ಆ ತುದಿಯಿಂದ ಈ ತುದಿಗೆ ನಡೆದ. ಅವನು ದಾಟುವಾಗ ನುಡಿಸುತ್ತಿದ್ದವರು ಒಬ್ಬೊಬ್ಬರಾಗಿ ಕಣ್ಣು ಕೆಳಗೆ ಹಾಕಿದರು. ಈ ಕಡೆ ಬಂದವನು ಅಡ್ಡಪಟ್ಟಿಯನ್ನು ತಿರುಗಿಸಿ ಬಂಗಾರದ ಮಗ್ಗುಲು ಹೊರಗೆ ಮಾಡಿಕೊಂಡ. ಸಣ್ಣ ಡ್ರಮ್ಮಿನವನು ಕರವಸ್ತ್ರ ಎಳೆದ.

ಹಬ್ಬಕ್ಕೆ ಬಂದವರು ಕುಣಿದರು. ಕೆರಿ ಕೂಡ ಚಪ್ಪಾಳೆ ತಟ್ಟುತ್ತಾ ಕುಣಿದಳು. ಇಲ್ಲಿ ನಿಲ್ಲುವುದು ಅಂತ ಮಾತಾಗಿರಲಿಲ್ಲ, ಆದರೂ ಎಷ್ಟು ಚೆನ್ನಾಗಿ ಬಂತು ಅಂತ ನನ್ನ ಕೈ ಹಿಡಿದು ಹೇಳಿದಳು. ನಾನು ಬೀದಿಯ ಎರಡೂ ಬದಿಗೆ ನೋಡಿದೆ. ಊರಿನವರು ಒಬ್ಬರೂ ಕುಣಿಯುತ್ತಿರಲಿಲ್ಲ. ಮೆಟ್ಟಿಲಿನಿಂದ ಎದ್ದು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಕ್ಲೋಟಿಲ್ಡ್ ಬಾಗಿಲು ಹಾಕಿಕೊಂಡ ಸದ್ದು ಅಷ್ಟು ಗಲಾಟೆಯಲ್ಲೂ ನನಗೆ ಕೇಳಿಸಿತು.

ಅಣ್ಣ ಅವತ್ತು ಬೇರೆ ಮನುಷ್ಯನಾಗಿದ್ದ. ಹಬ್ಬದ ಮೈದಾನದಲ್ಲಿ ಒಂದು ಮರದ ನೆರಳಿನಲ್ಲಿ ಕೂತು ನುಡಿಸಿದವರನ್ನೆಲ್ಲ ಕೇಳಿದ, ತಾಳ ತಪ್ಪಿದವರನ್ನು ಬೈದ. ಬಣ್ಣದ ಪಾಕ ಸುರಿದ ಐಸು ತಿಂದ, ಅದಾದ ಮೇಲೆ ಇನ್ನೊಂದು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಕಲ್ಲಂಗಡಿಯ ಹೋಳು ಹಿಡಿದು ಕೂತಿದ್ದ, ಗಲ್ಲದಿಂದ ರಸ ಸುರಿಯುತ್ತಿತ್ತು. ಕಿತ್ತುಕೊಳ್ಳಲು ಹೋದೆ. ಬಿಡು ಲಾಲಿ, ನನ್ನ ಸಾವು ಮುಗೀತು, ಇನ್ನೇನು ಮಾಡುತ್ತೆ ಇದು ಅಂತ ನಕ್ಕ. ಪಕ್ಕದಲ್ಲಿ ಕೂತಿದ್ದ ಪರದೇಶದ ಗಂಡಹೆಂಡತಿ ಅವನ ಜೊತೆ ನಿಂತು ಚಿತ್ರ ತೆಗೆಸಿಕೊಂಡರು.

ಸಂಜೆ ಮನೆಗೆ ಬರುವಾಗ ಬೀದಿಯವರು ಮತ್ತೆ ಹೊರಗೆ ಕೂತಿದ್ದರು. ಅಣ್ಣ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿದ. ಅವರು ನನಗೆ ತಲೆ ಆಡಿಸಿದರು. ಅವನ ಕಡೆ ನೋಡಲಿಲ್ಲ. ಬೇಕಂತಲೇ ಮಾಡಿದ ಅವಮಾನ ಅಲ್ಲ ಅದು. ಬಿಟ್ಟುಕೊಟ್ಟವರ ಹೆಸರನ್ನು ಗೋರಿಯಿಂದ ಬಂದ ದಿನ ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಅವರ ನಾಲಿಗೆ ಏಳಲಿಲ್ಲ, ಅಷ್ಟೇ. ಕ್ಲೋಟಿಲ್ಡ್ ಮೆಟ್ಟಿಲ ಮೇಲಿದ್ದಳು. ಅಣ್ಣ ಬೀದಿಯ ಮಧ್ಯದಲ್ಲಿ ನಿಂತು, ಏನೇ ಮುದುಕಿ, ಸಾರಿನ ಪಾತ್ರೆ ವಾಪಸ್ ಬೇಡವಾ ಅಂತ ಕೂಗಿದ. ಅವಳು ನನ್ನ ಮುಖ ನೋಡಿ, "ಲಾಲಿ, ಪಾತ್ರೆ ನಿನ್ನ ಹತ್ರಾನೇ ಇರಲಿ," ಅಂದು ಒಳಗೆ ಹೋದಳು.

ಅಣ್ಣ ನಗಲು ಹೋದ, ನಗು ಬರಲಿಲ್ಲ. ಒಳಗೆ ಬಂದು ಮಂಚದ ಮೇಲೆ ಕೂತು ಕೈ ನೋಡಿಕೊಂಡ. ಆಮೇಲೆ, ನಾನು ಕಾಣಿಸ್ತಾ ಇದ್ದೀನಾ ನಿಂಗೆ ಅಂತ ಕೇಳಿದ. ಕಾಣಿಸ್ತಾ ಇದ್ದೀಯ, ಮಲಕ್ಕೋ ಅಂದೆ.

ಭಾನುವಾರ ಬೆಳಗಾಗುವಾಗ ಅವನ ಉಸಿರಿನ ಸದ್ದಿಗೆ ನನಗೆ ಎಚ್ಚರವಾಯಿತು. ಎದ್ದು ಕೂತಿದ್ದ. ಕಾಲು ಊದಿ ಮಿರಮಿರ ಮಿಂಚುತ್ತಿದ್ದವು, ಮುಖ ಉಬ್ಬಿದ ಹಿಟ್ಟಿನ ಹಾಗೆ. ಮಾತಿನ ನಡುವೆ ಉಸಿರು ಎಳೆದುಕೊಳ್ಳಬೇಕಾಗಿತ್ತು. ಬಸ್ಸಿಗೆ ಹೋಗೋಣ ಲಾಲಿ, ಬೇಗ ಹೋಗೋಣ ಅಂತ ತಾನೇ ಹೇಳಿದ. ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗಲಿಲ್ಲ. ನಮ್ಮನ್ನು ಬಸ್ಸಿಗೆ ಬಿಡಲು ಬಂದ ಡೆಲ್ಮಾರ್ ಅವನನ್ನು ನೋಡಿ ಬ್ಯಾಗು ಕೆಳಗಿಟ್ಟ. ಇಬ್ಬರೂ ಹಿಡಿದುಕೊಂಡು ಕಾರಿಗೆ ಹಾಕಿದೆವು. ಅಲ್ಲಿಂದ ಹೋದದ್ದು ಆಸ್ಪತ್ರೆಗೆ.

ಅಲ್ಲಿನವರು ಮಾಡಬೇಕಾದ್ದನ್ನು ಮಾಡಿದರು. ಯಂತ್ರಕ್ಕೂ ಹಾಕಿದರು. ಎದೆ ಬಹಳ ದಣಿದಿದೆ, ನೋಡೋಣ ಅಂತ ಡಾಕ್ಟರಮ್ಮ ಹೇಳಿದಳು. ಬಸ್ಸು ಹೊರಡುವ ಹೊತ್ತು ಅಲ್ಲೇ ಕಳೆಯಿತು. ವೆರ್ನಾಗೆ ಫೋನು ಮಾಡಿದೆ. ಅವಳು ಅಳುತ್ತಾ ಕಾರು ಹತ್ತಿದಳು. ಮಧ್ಯಾಹ್ನ ಅಣ್ಣ ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದ.

"ಇದು ಯಾವ ಊರು?"

"ನಮ್ಮೂರೇ ಕಣೋ. ಇಲ್ಲೇ ಇದ್ದೀವಿ."

ಅವನು ಕಣ್ಣನ್ನು ಚಾವಣಿಗೆ ತಿರುಗಿಸಿದ. ಅವನ ಲೆಕ್ಕ ತಪ್ಪಿದ್ದು ಆಗ ಅವನಿಗೆ ಹೊಳೆಯಿತು ಅಂತ ಕಾಣುತ್ತೆ. ಹ್ಯೂಸ್ಟನ್ನಿನಲ್ಲಿ ಸಾಯುತ್ತೇನೆ ಅಂತ ಅಷ್ಟು ಖಚಿತ ಮಾಡಿಕೊಂಡು ಬಂದಿದ್ದ. ಇಲ್ಲೇ ಸಾಯುವವನಿಗೆ ಅವಸರ ಏನಿತ್ತು? ಸುಮ್ಮನೆ ಇದ್ದಿದ್ದರೆ ಊರು ತಾನಾಗಿಯೇ ಎದ್ದು ಬಂದು ಕಳಿಸಿಕೊಡುತ್ತಿತ್ತು.

"ಲಾಲಿ," ಅಂದ. "ಇನ್ನೊಂದ್ಸಲ ನುಡಿಸ್ತಾರಾ ನಂಗೆ?"

"ಗೊತ್ತಿಲ್ಲ. ಡೆಲ್ಮಾರ್‌ನ ಕೇಳ್ತೀನಿ."

"ಕೇಳು. ಪರಾಂ ಕೇಳ್ದ ಅನ್ನು."

ಅಣ್ಣ ಸೋಮವಾರ ಬೆಳಕು ಹರಿಯುವ ಮೊದಲು ಹೋದ. ವೆರ್ನಾ ಬಂದು ತಲುಪಿದ್ದಳು, ಅವನ ಪಾದ ಹಿಡಿದು ಕೂತಿದ್ದಳು.

ಮಂಗಳವಾರ ಬ್ಯಾಂಡಿನವರೆಲ್ಲ ಡೆಲ್ಮಾರ್‌ನ ಮನೆಯಲ್ಲಿ ಸೇರಿದರು. ನಾನು ಹೋದೆ. ಅಡಿಗೆಮನೆಯ ಮೇಜಿನ ಸುತ್ತ ಕೂತಿದ್ದರು, ಕೆಲವರು ಗೋಡೆಗೆ ಒರಗಿದ್ದರು. ಕ್ಲೋಟಿಲ್ಡಳೂ ಬಂದಿದ್ದಳು. ಅಣ್ಣ ಕೇಳಿದ್ದನ್ನು ಅವನ ಮಾತಿನಲ್ಲೇ ಹೇಳಿದೆ. ಡೆಲ್ಮಾರ್‌ನ ಕಣ್ಣು ತುಂಬಿತು.

"ನುಡಿಸ್ತೀವಿ ಮಿಸ್ ಲಾಲಿ. ನನ್ನ ಪರಾಂ ಅವನು. ಏನಾದ್ರೂ ಆಗಲಿ, ನುಡಿಸ್ತೀವಿ," ಅಂದ.

ಮಿಕ್ಕವರು ಯಾರೂ ಇಲ್ಲ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಟ್ರಾಂಬೋನಿನವನು ನೆಲ ನೋಡುತ್ತಿದ್ದ. ಸಣ್ಣ ಡ್ರಮ್ಮಿನವನ ಹೆಂಡತಿಗೆ ದಿನ ತುಂಬಿತ್ತು. ಅವನು ಮೇಜಿನ ಮೇಲೆ ಅಂಗೈ ಹರಡಿ ಅದನ್ನೇ ನೋಡುತ್ತಾ ಕೂತಿದ್ದ. ಅವರೆಲ್ಲರೂ ನಾನು ಹೇಳಿದರೆ ಬರುವವರು. ಹೆದರಿಕೊಂಡೇ ಬರುವವರು. ಕ್ಲೋಟಿಲ್ಡ್ ನನ್ನನ್ನೇ ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ನಂಬಿಕೆ ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕೋಣೆಯಲ್ಲಿ ಕೂತಿದ್ದವರಲ್ಲಿ ಯಾರು ಆ ತಿರುವಿನಲ್ಲಿ ಕೂತುಬಿಡುತ್ತಾರೋ ಅಂತ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಹಾಗೆ ನೋಡಿದ ಮೇಲೆ ನನಗೆ ಬೇರೆ ಮಾತು ಬರಲಿಲ್ಲ.

"ವಾದ್ಯ ತನ್ನಿ," ಅಂದೆ. "ಊದಬೇಡಿ."

ಡೆಲ್ಮಾರ್ ಮೇಜಿನ ಮೇಲೆ ತಲೆಯಿಟ್ಟು ಅತ್ತ.

ಶುಕ್ರವಾರ ಮಧ್ಯಾಹ್ನ ಅಣ್ಣನನ್ನು ತೆಗೆದುಕೊಂಡು ಹೋದೆವು. ಅದೇ ಚರ್ಚು, ಅದೇ ಬೀದಿ. ಹಬ್ಬದವರು ಕಂಬಗಳಿಗೆ ಕಟ್ಟಿದ್ದ ಬಣ್ಣದ ಬಟ್ಟೆಗಳನ್ನು ಬಿಚ್ಚುತ್ತಿದ್ದರು. ಬ್ಯಾಂಡಿನವರು ಕರಿ ಕೋಟು ಹಾಕಿ, ವಾದ್ಯಗಳನ್ನು ಕಂಕುಳಲ್ಲಿ ಹಿಡಿದು ನಡೆದರು. ದೊಡ್ಡ ಡ್ರಮ್ಮನ್ನು ಇಬ್ಬರು ಹೊತ್ತಿದ್ದರು. ಮುಂದಾಳು ಇರಲಿಲ್ಲ. ಕೇಳುತ್ತಿದ್ದದ್ದು ಚಪ್ಪಲಿ ಬೂಟುಗಳ ಸದ್ದು, ಗಾಡಿಯ ಎಂಜಿನ್ನು, ಎಲ್ಲೋ ಒಂದು ನಾಯಿ. ಸಾವಿನ ಮೆರವಣಿಗೆ ಅಂದರೆ ಎರಡು ಬೀದಿ ಆಚೆಯಿಂದ ಕೇಳಿಸಿ ಜನ ಓಡಿ ಬರುತ್ತಾರೆ. ಅವತ್ತು ನಾವು ಎದುರಿಗೆ ಬಂದ ಮೇಲೆಯೇ ಜನಕ್ಕೆ ತಿಳಿಯುತ್ತಿತ್ತು. ಬಾಗಿಲಿಗೆ ಬಂದವರು ಕೈಯಲ್ಲಿ ಪೊರಕೆ, ಸೌಟು ಹಿಡಿದುಕೊಂಡೇ ನಿಂತುಬಿಡುತ್ತಿದ್ದರು.

ಹ್ಯೂಸ್ಟನ್ನಿನ ಆ ಕರಿ ಕಾರುಗಳ ಸಾಲು ನನಗೆ ನೆನಪಾಯಿತು. ಅಲ್ಲಿ ಕೊನೇ ಪಕ್ಷ ಏನು ಕಡಿಮೆಯಾಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಎಲ್ಲರಿಗೂ ಗೊತ್ತಿತ್ತು.

ಗೋರಿಯ ದಾರಿಯ ತಿರುವು ಬಂದಾಗ ಬ್ಯಾಂಡಿನವರ ಹೆಜ್ಜೆ ನಿಧಾನವಾಯಿತು. ಸಾಲು ಕಟ್ಟಬೇಕಾದ ಜಾಗ ಅದು. ಯಾರೂ ಸರಿಯಲಿಲ್ಲ. ಸಣ್ಣ ಡ್ರಮ್ಮಿನವನ ಬೆರಳು ತಾನಾಗಿಯೇ ಕೋಟಿನ ಮೇಲೆ ತಾಳ ಹಾಕುವುದನ್ನು ನೋಡಿದೆ. ಅವನೂ ನೋಡಿಕೊಂಡ. ಕೈಯನ್ನು ಜೇಬಿಗೆ ಹಾಕಿದ. ಎಲ್ಲರೂ ಗುಂಪಾಗಿ, ಗಾಡಿಯ ಬೆನ್ನಿಗೇ, ಗೋರಿಯವರೆಗೂ ನಡೆದೆವು. ಗೋರಿಯ ಗೋಡೆಯಲ್ಲಿ ಅಮ್ಮನ ಪಕ್ಕದ ಗೂಡಿನಲ್ಲಿ ಅವನನ್ನು ಇಟ್ಟರು. ಗಾರೆ ಮೆತ್ತುವ ಕರಣೆಯ ಸದ್ದು ಕೇಳುತ್ತಾ ನಿಂತೆವು. ಡೆಲ್ಮಾರ್ ಟ್ಯೂಬಾವನ್ನು ಮಗುವಿನ ಹಾಗೆ ಎತ್ತಿಕೊಂಡು ಒಬ್ಬನೇ ಮುಂದೆ ಹೋದ.

ವೆರ್ನಾ ಕೆಲಸಕ್ಕೆ ಹಾಜರಾಗಬೇಕು ಅಂತ ಶನಿವಾರವೇ ಕಾರಿನಲ್ಲಿ ಹೊರಟಳು, ನನ್ನನ್ನೂ ಕರೆದಳು. ನಾನು ಅಣ್ಣನ ಜೊತೆ ಹತ್ತಬೇಕಾಗಿದ್ದ ಭಾನುವಾರದ ಬಸ್ಸಿಗೇ ಹೋದೆ, ಪಕ್ಕದ ಸೀಟು ಹ್ಯೂಸ್ಟನ್ ಮುಟ್ಟುವವರೆಗೂ ಖಾಲಿಯೇ ಇತ್ತು.